ಅಡಿಕೆ ಮರದಿಂದ ಬಿದ್ದ ಮೇಲಿನ ಹದಿನಾಲ್ಕು ತಿಂಗಳು: ಬೆನ್ನುಹುರಿ ಏಟಿನ ಚಿಕಿತ್ಸೆಗೆ ನಾವು ಓಡಾಡಿದ್ದು

ನಮ್ಮನೆಯವ್ರು ಬಿದ್ದಿದ್ದು 2024ರ ಆಗಸ್ಟ್ 3, ಶನಿವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಜುಲೈ ಪೂರ್ತಿ ಮಳೆ ಬಿಟ್ಟಿರ್ಲಿಲ್ಲ, ಅವತ್ತು ಸ್ವಲ್ಪ ಹೊಳವು ಕೊಟ್ಟಿತ್ತು, ಅಡಿಕೆಗೆ ಕೊಳೆರೋಗ ಶುರುವಾಗಿದೆ, ಎರಡನೇ ಔಷಧಿ ಇವತ್ತೇ ಹೊಡೆದು ಬಿಡೋಣ ಅಂತ ಇವ್ರೇ ಮರ ಹತ್ತಿದ್ರು, ಯಾಕಂದ್ರೆ ಔಷಧಿ ಹೊಡೆಯೋರು ಬೇರೆ ತೋಟಕ್ಕೆ ಹೋಗಿದ್ರು, ನಾಲ್ಕು ದಿನ ಬಿಟ್ಟು ಬರ್ತೀನಿ ಅಂದಿದ್ರು. ನಾನು ಅಂಗಳದಲ್ಲಿ ಔಷಧಿಗೆ ಸುಣ್ಣ ಸೋಸ್ತಿದ್ದೆ. ಶಬ್ದ ಕೇಳ್ತು. ಓಡಿ ಹೋದಾಗ ಮಾತಾಡ್ತಿದ್ರು, ರಕ್ತ ಏನೂ ಇಲ್ಲ, "ಕಾಲು ಎಲ್ಲಿದೆ ನೋಡು, ನಂಗೆ ಗೊತ್ತಾಗ್ತಿಲ್ಲ" ಅಂದ್ರು. ಕಾಲು ಅಲ್ಲೇ ಇತ್ತು, ಒಂದು ಚಪ್ಪಲಿ ಸಮೇತ.

ನಮ್ಮದು ತೀರ್ಥಹಳ್ಳಿ ತಾಲೂಕು, ಆಗುಂಬೆ ಕಡೆ. ಇದನ್ನೆಲ್ಲ ಬರೀತಿರೋದು ಯಾಕಂದ್ರೆ ಪ್ರತಿ ಮಳೆಗಾಲ, ಪ್ರತಿ ಅಡಿಕೆ ಕೊನೆ ಕೊಯ್ಲಿನಲ್ಲಿ ನಮ್ಮ ಕಡೆ ಯಾರಾದ್ರೂ ಬೀಳ್ತಾರೆ, ಆಮೇಲೆ ಆ ಮನೆಯವ್ರು ನಾವು ಸುತ್ತಿದ ದಾರೀನೇ ಮತ್ತೆ ಮೊದಲಿಂದ ಸುತ್ತುತ್ತಾರೆ. ನಮಗೆ ಮೊದಲ ದಿನ ಗೊತ್ತಿದ್ದಿದ್ರೆ ಅಂತ ಅನ್ಸೋ ವಿಷಯ ಬಹಳ ಇದೆ.

ಮೊದಲನೇದು ಎತ್ತೋದು. ಮೈದುನ ಬಂದವ್ನೇ ಕಂಕುಳಿಗೆ ಕೈ ಹಾಕಿದ, ಪಕ್ಕದ ಮನೆಯವ್ರು ಕಾಲು ಹಿಡಿದ್ರು, ನಾನೂ ಎತ್ತಿ ಎತ್ತಿ ಅಂತಿದ್ದೆ. ಅಷ್ಟರಲ್ಲಿ 108ಕ್ಕೆ ಫೋನ್ ಹಚ್ಚಿದ್ದ ನನ್ನ ತಮ್ಮ ಕೂಗಿದ, ಎತ್ತಬೇಡಿ ಅಂತಿದಾರೆ, ಅಲುಗಾಡಿಸ್ಬೇಡಿ, ಹಲಗೆ ತನ್ನಿ ಅಂತ. ಕೊಟ್ಟಿಗೆ ಅಟ್ಟದ ಹಲಗೆ ಕಿತ್ತು ತಂದು, ನಾಲ್ಕು ಜನ ಒಂದೇ ಸಲ, ತಲೆ ಸೊಂಟ ಕಾಲು ಒಂದೇ ಗೆರೆಯಲ್ಲಿ ಇರೋ ಹಾಗೆ ಹೊರಳಿಸಿ ಹಲಗೆ ಮೇಲೆ ಮಲಗಿಸಿ, ಎರಡು ಪಂಚೆಯಲ್ಲಿ ಕಟ್ಟಿದ್ವಿ. ಆಂಬುಲೆನ್ಸ್ ನಮ್ಮನೆ ತನಕ ಬರಲ್ಲ, ಹಳ್ಳದ ಆಚೆ ನಿಲ್ತದೆ, ಹಾಗಾಗಿ ಆ ಹಲಗೇನ ಸಂಕದ ಮೇಲೆ ಹೊತ್ಕೊಂಡು ದಾಟಿದ್ದು. ಎರಡು ಮರದ ದಿಮ್ಮಿ ಹಾಕಿದ ಸಂಕ, ಪಾಚಿ ಕಟ್ಟಿತ್ತು, ಕೆಳಗೆ ಕೆಂಪು ನೀರು. ಆಮೇಲೆ ಡಾಕ್ಟ್ರು ಹೇಳಿದ್ರು, ಮೂಳೆ ಒಡೆದಿರುವಾಗ ಮಡಚಿ ಎತ್ತಿದ್ರೆ ಒಡೆದ ಚೂರು ಇನ್ನೂ ಒಳಗೆ ಹೋಗಿ ಉಳಿದ ನರಾನೂ ಹಾಳಾಗ್ತದೆ, ಬಿದ್ದಾಗ ಆಗೋ ಗಾಯದ ಮೇಲೆ ಎತ್ತುವಾಗ ಆಗೋದು ಸೇರ್ಕೊಳ್ತದೆ ಅಂತ. ಮರ ಹತ್ತೋರಿರೋ ಮನೆಯಲ್ಲಿ ಆಳುದ್ದದ ಒಂದು ಹಲಗೆ ಕೈಗೆ ಸಿಗೋ ಕಡೆ ಇಡಿ.

ತೀರ್ಥಹಳ್ಳಿಯಲ್ಲಿ ಎಕ್ಸ್‌ರೇ ತೆಗೆದು ಶಿವಮೊಗ್ಗಕ್ಕೆ ಕಳಿಸಿದ್ರು. ಮಂಡಗದ್ದೆ ದಾರಿಯಲ್ಲಿ ಎಷ್ಟು ಹಂಪ್ ಇದೆ ಅಂತ ಅವತ್ತೇ ನಂಗೆ ಗೊತ್ತಾಗಿದ್ದು. ನಾಲ್ಕೂವರೆಗೆ ಶಿವಮೊಗ್ಗ ಮುಟ್ಟಿದ್ವಿ. ಯಾರೋ ಪರಿಚಯದವ್ರು ಹೇಳಿದ್ರು ಅಂತ ಒಂದು ಖಾಸಗಿ ಆಸ್ಪತ್ರೆಗೆ ಹೋದ್ವಿ. ಎಂಆರ್‌ಐ ಆಗಿದ್ದು ಏಳೂವರೆಗೆ. ಬೆನ್ನಿನ ಕೆಳಭಾಗದ ಎಲ್1 ಅನ್ನೋ ಮೂಳೆ ಒಡೆದು ಚೂರಾಗಿದೆ, ಚೂರು ಬೆನ್ನುಹುರಿ ಮೇಲೆ ಕೂತಿದೆ, ಬೇಗ ಆಪರೇಷನ್ ಆಗ್ಬೇಕು ಅಂದ್ರು. ಆಮೇಲೆ ಬಿಲ್ಲಿಂಗ್‌ಗೆ ಹೋಗಿ ಅಂದ್ರು. ಎರಡು ಲಕ್ಷ ಮುಂಗಡ ಕಟ್ಟಿ, ಸರ್ಕಾರಿ ಆರೋಗ್ಯ ಯೋಜನೆ ಕಾರ್ಡ್ ನೋಡೋರು ಸೋಮವಾರ ಬರ್ತಾರೆ ಅಂದ್ರು. ಶನಿವಾರ ರಾತ್ರಿ ಎರಡು ಲಕ್ಷ ಎಲ್ಲಿಂದ ತರೋದು. ಮೈದುನ ಎಲ್ಲರಿಗೂ ಫೋನ್ ಮಾಡ್ತಾ ಇದ್ದ, ನಾನು ಕಾರಿಡಾರಿನಲ್ಲಿ ಇವ್ರ ಕಾಲು ತಿಕ್ಕುತ್ತಾ ಕೂತಿದ್ದೆ, ತಿಕ್ಕೋದು ಗೊತ್ತಾಗ್ತಿದೆಯಾ ಅಂತ ಕೇಳ್ತಾ.

ಅಲ್ಲಿ ಸುಮ್ನೆ ಕಳೆದುಹೋದ ರಾತ್ರಿ ಇವತ್ತಿಗೂ ನನ್ನ ಎದೆಯಲ್ಲಿದೆ. ಭಾನುವಾರ ಬೆಳಿಗ್ಗೆ ಒಬ್ಬ ಸಿಸ್ಟರ್ ಮೆಲ್ಲಗೆ ಬಂದು, ಅಕ್ಕಾ ನಿಮ್ಮ ಹತ್ರ ಬಿಪಿಎಲ್ ಕಾರ್ಡ್ ಇದ್ರೆ ಇಲ್ಲಿ ಕಾಯಬೇಡಿ, ಯೋಜನೆಯಲ್ಲಿ ತುರ್ತಾಗಿ ಮಾಡೋ ಕಡೆ ಹೋಗಿ ಅಂತ ಹೇಳಿದ್ಲು. ಅವಳ ಹೆಸ್ರು ಕೇಳೋಕೂ ಆಗ್ಲಿಲ್ಲ ನಂಗೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ ಐದು ಲಕ್ಷದ ತನಕ ಇದೆ, ಎಪಿಎಲ್‌ನವ್ರಿಗೆ ಖರ್ಚಿನ ಶೇಕಡಾ 30, ಒಂದೂವರೆ ಲಕ್ಷದ ತನಕ. ಸಾಮಾನ್ಯ ಕಾಯಿಲೆಗೆ ಸರ್ಕಾರಿ ಆಸ್ಪತ್ರೆ ರೆಫರಲ್ ಚೀಟಿ ಬೇಕು, ತುರ್ತಿಗೆ ಅದನ್ನ ಕಾಯಬೇಕಿಲ್ಲ. ಇದು ಗೊತ್ತಿಲ್ದೆ ಒಂದು ರಾತ್ರಿ ಕಳ್ಕೊಂಡ್ವಿ. ಆಮೇಲೆ ಹೋದ ಕಡೆ ಇನ್ನೊಂದು ತೊಡಕು, ರೇಷನ್ ಕಾರ್ಡ್‌ನಲ್ಲಿ ಇವ್ರ ಹೆಸ್ರು ಒಂದು ಥರ, ಆಧಾರ್‌ನಲ್ಲಿ ಅಪ್ಪನ ಹೆಸ್ರು ಸೇರಿ ಇನ್ನೊಂದು ಥರ. ಅಲ್ಲಿ ಯೋಜನೆ ಕೆಲಸ ನೋಡೋ ಆರೋಗ್ಯಮಿತ್ರ ಒಳ್ಳೇ ಮನುಷ್ಯ, ಮೊದಲು ಒಳಗೆ ಹೋಗ್ಲಿ ಪೇಪರ್ ಆಮೇಲೆ ನೋಡೋಣ ಅಂದ್ರು. ನಿಮ್ಮನೆ ಕಾರ್ಡ್‌ಗಳನ್ನ ಇವತ್ತೇ ತೆಗೆದು ಹೆಸ್ರು ಒಂದೇ ಥರ ಇದೆಯಾ ನೋಡ್ಕೊಳ್ಳಿ.

ಭಾನುವಾರ ಸಂಜೆ ಐದಕ್ಕೆ ಥಿಯೇಟರ್ ಒಳಗೆ ಹೋದ್ರು. ಬಿದ್ದು ಮೂವತ್ತು ಗಂಟೆ. ಒಳಗೆ ಹೋಗೋ ಮೊದಲು ಡಾಕ್ಟ್ರು ಗುಂಡುಪಿನ್ ಮತ್ತು ಹತ್ತಿ ಹಿಡ್ಕೊಂಡು ಎದೆಯಿಂದ ಪಾದದ ತನಕ ಒಂದೊಂದೇ ಜಾಗ ಮುಟ್ಟಿ ಕೇಳಿದ್ರು, ಕೊನೆಗೆ ಗುದದ್ವಾರದ ಹತ್ರಾನೂ ಕೈ ಹಾಕಿ ಪರೀಕ್ಷೆ ಮಾಡಿದ್ರು. ಇವ್ರು ಮುಖ ಆ ಕಡೆ ತಿರುಗಿಸ್ಕೊಂಡ್ರು, ನಂಗೂ ಅಳು ಬಂತು. ಆದ್ರೆ ಆಮೇಲೆ ಗೊತ್ತಾಯ್ತು, ಇಡೀ ಪರೀಕ್ಷೆಯಲ್ಲಿ ಮುಖ್ಯವಾದ್ದು ಅದೇ. ಬೆನ್ನುಹುರಿಯ ಕಟ್ಟಕಡೆಯ ನರಗಳು ಬರೋದು ಅಲ್ಲಿಗೆ. ಅಲ್ಲಿ ಸ್ಪರ್ಶ ಗೊತ್ತಾದ್ರೆ ಹುರಿ ಪೂರ್ತಿ ತುಂಡಾಗಿಲ್ಲ, ಏನೋ ಒಂದು ಎಳೆ ದಾಟ್ತಾ ಇದೆ ಅಂತ ಅರ್ಥ. ಇವ್ರಿಗೆ ಗೊತ್ತಾಯ್ತು. ಬೆನ್ನುಹುರಿ ಏಟು ಎಷ್ಟು ಅಂತ ಅಳೆಯೋಕೆ ಏಶಿಯಾ ಸ್ಕೇಲ್ ಅಂತ ಒಂದಿದೆ, ಎ ಅಂದ್ರೆ ಕೆಳಗೆ ಏನೂ ಇಲ್ಲ, ಇ ಅಂದ್ರೆ ಎಲ್ಲಾ ಸರಿ. ಇವ್ರದ್ದು ಬಿ, ಸ್ಪರ್ಶ ಇದೆ ಚಲನೆ ಇಲ್ಲ. ನಿಮ್ಮವ್ರದ್ದು ಯಾವ ಅಕ್ಷರ ಅಂತ ಮೊದಲ ದಿನವೇ ಕೇಳಿ ಬರ್ಕೊಳ್ಳಿ, ಮುಂದೆ ಎಲ್ಲಿ ಹೋದ್ರೂ ಮೊದಲು ಕೇಳೋದು ಅದನ್ನೇ.

ಆಪರೇಷನ್‌ನಲ್ಲಿ ಚೂರು ತೆಗೆದು ಹುರಿ ಮೇಲಿನ ಒತ್ತಡ ಇಳಿಸಿ, ಮೇಲಿನ ಕೆಳಗಿನ ಮೂಳೆಗೆ ಟೈಟಾನಿಯಂ ಸ್ಕ್ರೂ, ರಾಡ್ ಹಾಕಿದ್ರು. ಮೊದಲೆಲ್ಲ ಇಂಥವ್ರನ್ನ ತಿಂಗಳುಗಟ್ಟಲೆ ಮಂಚದ ಮೇಲೆ ಅಲುಗಾಡದ ಹಾಗೆ ಮಲಗಿಸ್ತಿದ್ರಂತೆ, ಇವ್ರನ್ನ ನಾಲ್ಕನೇ ದಿನ ಬೆಲ್ಟ್ ಕಟ್ಟಿ ಕೂರಿಸಿದ್ರು. ಚಿಕಿತ್ಸೆ ಮುಂದುವರಿದಿದೆ ಅಂದ್ರೆ ನಮ್ಮಂಥವ್ರಿಗೆ ಕೈಗೆ ಸಿಕ್ಕಿದ್ದು ಮೊದಲು ಇದೇ. 24 ಗಂಟೆ ಒಳಗೆ ಒತ್ತಡ ಇಳಿಸಿದ್ರೆ ಫಲ ಜಾಸ್ತಿ ಅಂತ 2012ರಲ್ಲಿ ಒಂದು ದೊಡ್ಡ ಅಧ್ಯಯನ ಬಂದ ಮೇಲೆ ಎಲ್ಲಾ ಕಡೆ ಬೇಗ ಮಾಡೋಕೆ ನೋಡ್ತಾರೆ ಅಂತ ಡಾಕ್ಟ್ರು ಹೇಳಿದ್ರು. ನಾನು ಮನಸ್ಸಲ್ಲೇ 30ರಲ್ಲಿ 24 ಕಳೆದೆ. ಅವ್ರಿಗೆ ಅದು ಕಂಡಿರ್ಬೇಕು, "ಅಮ್ಮಾ, ಆ ಆರು ಗಂಟೆನ ತಲೆ ಮೇಲೆ ಹೊತ್ಕೋಬೇಡಿ, ಇವ್ರನ್ನ ಹಲಗೆ ಮೇಲೆ ತಂದಿದೀರಿ" ಅಂದ್ರು. ಹೊತ್ಕೊಂಡೇ ಇದೀನಿ ಇನ್ನೂ. ಸ್ಟಿರಾಯ್ಡ್ ಇಂಜೆಕ್ಷನ್ ಯಾಕೆ ಕೊಡ್ಲಿಲ್ಲ ಅಂತ ನೆಂಟರು ಜಗಳ ತೆಗೆದ್ರು, ಅದನ್ನ 1990ರ ನಂತರ ಬಹಳ ವರ್ಷ ಎಲ್ಲರಿಗೂ ಕೊಡ್ತಿದ್ರಂತೆ, ಆಮೇಲೆ ಸೋಂಕು, ಹೊಟ್ಟೆಯಲ್ಲಿ ರಕ್ತಸ್ರಾವದಂಥ ತೊಂದರೆ ನೋಡಿ ಎಷ್ಟೋ ಕಡೆ ಬಿಟ್ಟಿದಾರೆ. ಕೊಟ್ಟಿಲ್ಲ ಅಂತ ಡಾಕ್ಟರ ಮೇಲೆ ಕೂಗಾಡೋದು ಬೇಡ.

ಇನ್ನೊಂದು, ಬಿದ್ದ ಕೇಸನ್ನ ಆಸ್ಪತ್ರೆಯಲ್ಲಿ ಎಂಎಲ್‌ಸಿ ಅಂತ, ಅಂದ್ರೆ ಪೊಲೀಸರಿಗೆ ತಿಳಿಸೋ ಕೇಸ್ ಅಂತ ಬರೀತಾರೆ, ಪೊಲೀಸ್ ಹೇಳಿಕೆ ತಗೊಳ್ತಾರೆ. ಹೆದರಬೇಡಿ, ಪ್ರತಿ ಇಟ್ಕೊಳ್ಳಿ. ಇವ್ರ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ವರ್ಷಕ್ಕೊಂದು ಸಲ 20 ರೂಪಾಯಿ ಕಟ್ ಆಗಿರೋದು ನೋಡಿ ನನ್ನ ತಮ್ಮ ಪ್ರಧಾನಮಂತ್ರಿ ಸುರಕ್ಷಾ ವಿಮೆ ಇದೆ ಅಂತ ಕಂಡುಹಿಡಿದ. ಅಪಘಾತದಲ್ಲಿ ಎರಡೂ ಕಾಲಿನ ಬಲ ಶಾಶ್ವತವಾಗಿ ಹೋದ್ರೆ ಅದ್ರಲ್ಲಿ ಎರಡು ಲಕ್ಷ ಇದೆ, ಆದ್ರೆ ನಾವು ತಿಳಿಸಿದ್ದು ಮೂರು ತಿಂಗಳ ಮೇಲೆ, 30 ದಿನದ ಒಳಗೆ ಹೇಳ್ಬೇಕಿತ್ತಂತೆ. ಅರ್ಜಿ ಇನ್ನೂ ಓಡಾಡ್ತಾ ಇದೆ. ನಿಮ್ಮ ಪಾಸ್‌ಬುಕ್‌ನ ಮೇ ಕೊನೆ, ಜೂನ್ ಶುರುವಿನ ಎಂಟ್ರಿ ನೋಡಿ.

ಮೂರು ವಾರಕ್ಕೆ ಡಿಸ್ಚಾರ್ಜ್ ಮಾಡಿದ್ರು. ಆಪರೇಷನ್ ಆಯ್ತಲ್ಲ ಇನ್ನು ಮನೇಲಿ ಮಲಗಿದ್ರೆ ಸರಿಯಾಗ್ತದೆ ಅಂತ ಮನೆಗೆ ಕರ್ಕೊಂಡು ಬಂದ್ವಿ. ನಾವು ಮಾಡಿದ ದೊಡ್ಡ ತಪ್ಪು ಇದು. ಮಳೆಗಾಲ, ಬಟ್ಟೆ ಒಣಗಲ್ಲ, ಹಾಸಿಗೆ ತಂಡಿ. ಹನ್ನೆರಡನೇ ದಿನ ಒರೆಸುವಾಗ ಸೊಂಟದ ಕೆಳಗೆ ಎಂಟಾಣೆ ಅಗಲ ಕೆಂಪು ಕಂಡಿದ್ದು, ಬೆರಳಲ್ಲಿ ಒತ್ತಿದ್ರೆ ಬೆಳ್ಳಗಾಗ್ತಿರ್ಲಿಲ್ಲ. ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿದ್ರು. ಒಂದು ವಾರಕ್ಕೆ ಅದು ಒಡೆದು ಒಳಗೆ ಹೋಗಿ ಹೋಗಿ ಹೆಬ್ಬೆರಳು ಇಳಿಯೋಷ್ಟು ಹುಣ್ಣಾಯ್ತು, ಇವ್ರಿಗೆ ನೋವೇ ಇಲ್ಲ, ಅದೇ ಭಯಂಕರ. ಅದು ವಾಸಿಯಾಗೋಕೆ ಮೂರೂವರೆ ತಿಂಗಳು ಬೇಕಾಯ್ತು, ಡ್ರೆಸಿಂಗ್‌ಗೇ ನಲವತ್ತು ಸಾವಿರದ ಹತ್ತಿರ ಹೋಯ್ತು. ಎರಡು ಗಂಟೆಗೊಂದು ಸಲ ಮಗ್ಗುಲು ತಿರುಗಿಸಿದ್ರೆ ಬರ್ತಿರ್ಲಿಲ್ಲ, ದುಡ್ಡೇ ಬೇಡದ ಕೆಲಸ. ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನ ಒಂದು ಸಾಲು ಇಂಗ್ಲಿಷ್‌ನಲ್ಲಿ ಬರೆದಿತ್ತು, ಯಾರೂ ಓದಿ ಹೇಳಿರ್ಲಿಲ್ಲ. ಏರ್ ಬೆಡ್ ತಗೊಳ್ಳಿ, ಆದ್ರೆ ಏರ್ ಬೆಡ್ ಇದೆ ಅಂತ ತಿರುಗಿಸೋದು ಬಿಡಬೇಡಿ, ನಮ್ಮೂರಲ್ಲಿ ಕರೆಂಟ್ ಹೋದ್ರೆ ಎರಡು ದಿನ ಬರಲ್ಲ, ಆಗ ಅದು ಬರೀ ರಬ್ಬರ್ ಹಾಳೆ.

ಇಂಥ ದಿನಗಳಲ್ಲೇ ನಾನು ರಾತ್ರಿಯೆಲ್ಲ ಮೊಬೈಲ್ ನೋಡ್ತಿದ್ದಿದ್ದು. ಹೇಗೂ ಎರಡು ಗಂಟೆಗೊಂದು ಸಲ ಏಳಬೇಕಲ್ಲ. ವಾಟ್ಸಾಪ್‌ಗೆ ಯಾರೋ ಒಂದು ವಿಡಿಯೋ ಕಳಿಸಿದ್ರು, ಸೊಂಟ ಬಿದ್ದವ್ನು, ಅಂದ್ರೆ ಸೊಂಟದ ಕೆಳಗೆ ಬಲ ಹೋದವ್ನು, ಎದ್ದು ನಡೀತಿದಾನೆ, ಮಿದುಳಲ್ಲಿ ಚಿಪ್ ಇಟ್ಟಿದಾರೆ ಅಂತ. ನೂರು ಸಲ ನೋಡಿರ್ಬೇಕು. ಇವ್ರಿಗೂ ತೋರಿಸ್ದೆ, ಇವ್ರು ಏನೂ ಮಾತಾಡ್ಲಿಲ್ಲ, ಫೋನ್ ಎದೆ ಮೇಲೆ ಇಟ್ಕೊಂಡು ಮಲಗಿದ್ರು. ಅದು ಸುಳ್ಳಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಗ್ರೆಗೋಯರ್ ಕೂರ್ಟೀನ್, ಜೋಸ್ಲಿನ್ ಬ್ಲಾಕ್ ಅನ್ನೋರ ತಂಡ 2023ರಲ್ಲಿ ಮಾಡಿದ್ದು. ಹಾಲೆಂಡಿನ ಗೆರ್ಟ್ ಯಾನ್ ಓಸ್ಕಮ್ ಅನ್ನೋರು 2011ರಲ್ಲಿ ಸೈಕಲ್ ಅಪಘಾತದಲ್ಲಿ ಕುತ್ತಿಗೆಗೆ ಏಟು ಮಾಡ್ಕೊಂಡಿದ್ರು, ಅವ್ರ ತಲೆಬುರುಡೆಯಲ್ಲಿ ಇಟ್ಟ ಯಂತ್ರ ಕಾಲು ಎತ್ತಬೇಕು ಅನ್ನೋ ಯೋಚನೆ ಹಿಡಿದು, ತಂತಿಯಿಲ್ಲದೆ ಬೆನ್ನುಹುರಿ ಮೇಲಿನ ಇನ್ನೊಂದು ಯಂತ್ರಕ್ಕೆ ಕಳಿಸ್ತದೆ, ಅದು ಕರೆಂಟ್ ಕೊಟ್ಟು ಕಾಲಿನ ಸ್ನಾಯು ಎಬ್ಬಿಸ್ತದೆ. ಅವ್ರು ಊರುಗೋಲು ಹಿಡ್ಕೊಂಡು ನಡೆದ್ರು. ಆಮೇಲೆ 2024ರ ಡಿಸೆಂಬರ್‌ನಲ್ಲಿ ಆಪರೇಷನ್ನೇ ಬೇಡದ, ಚರ್ಮದ ಮೇಲಿಂದಲೇ ಕರೆಂಟ್ ಕೊಡೋ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ತು, ಅದು ಕುತ್ತಿಗೆ ಏಟಿನವ್ರ ಕೈ ಬಲಕ್ಕೆ. ಜಪಾನಿನ ಕಿಯೋ ವಿಶ್ವವಿದ್ಯಾಲಯದಲ್ಲಿ ಐಪಿಎಸ್ ಅನ್ನೋ, ಯಾವ ಥರದ ಕಣವಾಗಿ ಬೇಕಾದ್ರೂ ಬೆಳೆಸಬಹುದಾದ ಕಣದಿಂದ ಬೆಳೆಸಿದ ನರಕಣಗಳನ್ನ ನಾಲ್ಕು ಜನರಿಗೆ ಹಾಕಿ 2025ರ ಮಾರ್ಚ್‌ನಲ್ಲಿ ಫಲಿತಾಂಶ ಹೇಳಿದ್ರು, ಇಬ್ಬರಲ್ಲಿ ಸುಧಾರಣೆ.

ಮೊದಲು ಆ ಚಿಪ್ ವಿಷಯ ಹುಡುಕ್ತಾ ಇರುವಾಗಲೇ ದೊಡ್ಡ ಊರಿನ ಒಂದು ಕ್ಲಿನಿಕ್‌ನ ಜಾಹೀರಾತು ಬಂತು, ಸ್ಟೆಮ್ ಸೆಲ್ ಇಂಜೆಕ್ಷನ್, ಹೊಸ ಕಣ ಬೆಳೆಸೋ ಮೂಲ ಕಣ ಹಾಕೋದು. ಫೋನ್ ಮಾಡಿದ್ರೆ ಎಷ್ಟು ಪ್ರೀತಿಯಿಂದ ಮಾತಾಡ್ತಾರೆ ಅಂದ್ರೆ, ಅಷ್ಟು ಹೊತ್ತು ನಮ್ಮ ಕಷ್ಟ ಯಾರೂ ಕೇಳಿರ್ಲಿಲ್ಲ. ಮೂರು ಇಂಜೆಕ್ಷನ್, ನಾಲ್ಕೂವರೆ ಲಕ್ಷ, ಬೇಗ ಬಂದ್ರೆ ಫಲ ಜಾಸ್ತಿ. ರಿಪೋರ್ಟ್ ವಾಟ್ಸಾಪ್ ಮಾಡಿ ಅಂದ್ರು, ಮಾಡ್ದೆ, ಹತ್ತು ನಿಮಿಷಕ್ಕೆ ಆಗ್ತದೆ ಬನ್ನಿ ಅಂತ ಉತ್ತರ. ಮೈದುನ ಅಡಿಕೆ ಮಂಡಿಗೆ ಹೋಗಿ ಮುಂದಿನ ಬೆಳೆ ಮೇಲೆ ಮುಂಗಡ ಮಾತಾಡಿ ಬಂದ. ನನ್ನ ಬಳೆ, ಸರ ಗಂಟು ಕಟ್ಟಿ ಇಟ್ಟಿದ್ದೆ.

ಹೋಗೋ ಮೊದಲು ಹುಣ್ಣು ತೋರಿಸೋಕೆ ಅಂತ ಆಪರೇಷನ್ ಮಾಡಿದ ಡಾಕ್ಟ್ರ ಹತ್ರ ಹೋದಾಗ ಹೆದರ್ತಾ ಹೆದರ್ತಾ ಕೇಳಿದೆ. ಅವ್ರು ಬೈಲಿಲ್ಲ. ಪೆನ್ ತಗೊಂಡು ಚೀಟಿ ಹಿಂದೆ ಬೆನ್ನುಮೂಳೆ ಬರೆದು ತೋರಿಸಿದ್ರು. ನಮ್ಮ ದೇಶದಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಒಪ್ಪಿರೋದು ರಕ್ತದ ಕೆಲವು ಕಾಯಿಲೆಗೆ ಅಸ್ಥಿಮಜ್ಜೆ ಕಸಿ ಮಾಡೋ ಥರದ್ದಕ್ಕೆ ಮಾತ್ರ, ಬೆನ್ನುಹುರಿಗೆ ಕೊಡೋದಾದ್ರೆ ಅದು ಪ್ರಯೋಗ, ಪ್ರಯೋಗ ಆದ್ರೆ ರೋಗಿ ಹತ್ರ ದುಡ್ಡು ತಗೊಳ್ಳೋ ಹಾಗಿಲ್ಲ, ಇದು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೇ ಇದೆ ಅಂದ್ರು. ಎಲ್ಲಾ ಪ್ರಯೋಗಗಳೂ ಸಿಟಿಆರ್‌ಐ ಅನ್ನೋ ಸರ್ಕಾರಿ ವೆಬ್‌ಸೈಟ್‌ನಲ್ಲಿ ನೋಂದಣಿ ಆಗಿರ್ಬೇಕು, ನಂಬರ್ ಕೇಳಿ ನೋಡಿ ಅಂದ್ರು. ಅಲ್ಲೇ ಹೊರಗೆ ನಿಂತು ಕ್ಲಿನಿಕ್‌ಗೆ ಫೋನ್ ಮಾಡಿ ನಂಬರ್ ಕೇಳಿದೆ. ಪ್ರೀತಿಯ ದನಿ ಬದಲಾಯ್ತು, ಮ್ಯಾನೇಜರ್ ಮಾತಾಡ್ತಾರೆ ಅಂದ್ರು, ಮತ್ತೆ ಫೋನ್ ಬರ್ಲೇ ಇಲ್ಲ.

ಚಿಪ್‌ನ ವಿಷಯಾನೂ ಕೇಳಿದೆ. ಆ ಕರೆಂಟ್ ಕೊಡೋದು ಬೆನ್ನುಹುರಿಯ ತುದಿ ಭಾಗಕ್ಕೆ, ಅಲ್ಲಿಂದಾನೇ ಕಾಲಿಗೆ ನರ ಹೋಗೋದು, ಕುತ್ತಿಗೆಯಲ್ಲೋ ಎದೆಯಲ್ಲೋ ಏಟಾದವ್ರಿಗೆ ಆ ತುದಿ ಕೆಳಗೆ ಆರೋಗ್ಯವಾಗಿ ಉಳಿದಿರ್ತದೆ, ಇವ್ರಿಗೆ ಏಟಾಗಿರೋದೇ ಆ ತುದಿಗೆ ಅಂದ್ರು. ಹುರಿ ಸುಮಾರು ಎಲ್1, ಎಲ್2 ಹತ್ರ ಮುಗಿದು ಅಲ್ಲಿಂದ ಕೆಳಗೆ ಕುದುರೆ ಬಾಲದ ಥರ ನರಗಳ ಕಟ್ಟು. ಬರೀ ಸೊಂಟ ಬಿದ್ದಿದೆ ಅಂದ್ರೆ ಎಲ್ಲಾ ಒಂದೇ ಅಲ್ಲ. ಯಾವುದೇ ಹೊಸ ಚಿಕಿತ್ಸೆ ಸುದ್ದಿ ನೋಡಿದ್ರೂ, ಅವ್ರ ಗಾಯ ಎಲ್ಲಿತ್ತು, ಎಷ್ಟು ಹಳೇದು, ಪೂರ್ತಿನಾ ಅರ್ಧನಾ, ಇಷ್ಟು ಕೇಳಿ ಆಮೇಲೆ ಆಸೆ ಇಟ್ಕೊಳ್ಳಿ.

"ನಿಮಗೆ ಬೇಕಾಗಿರೋದು ರಿಹ್ಯಾಬ್, ಅದಕ್ಕೆ ಇನ್ನೂ ಹೋಗಿಲ್ವಾ?" ಅಂತ ಅವ್ರು ಕೇಳಿದಾಗ ಆ ಪದವೇ ನಂಗೆ ಗೊತ್ತಿರ್ಲಿಲ್ಲ. ದಿನಾ ಅರ್ಧ ಗಂಟೆ ಫಿಸಿಯೋ ಬಂದು ಕಾಲು ಮಡಚಿ ಬಿಡಿಸೋದಲ್ಲ ಅದು, ಏಟಾದ ದೇಹ ಇಟ್ಕೊಂಡು ದಿನದ ಕೆಲಸ ಮತ್ತೆ ಕಲಿಸೋ ಚಿಕಿತ್ಸೆ. ನಿಮ್ಹಾನ್ಸ್‌ನಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ ಇದಕ್ಕೇ ವಿಭಾಗ ಇದೆ. ನಾವು ಬೆಂಗಳೂರಿನ ಒಂದು ಕಡೆ ಹೆಸ್ರು ಬರೆಸಿ ಐದು ವಾರ ಕಾದ್ವಿ. ಶಿವಮೊಗ್ಗದಿಂದ ಆಂಬುಲೆನ್ಸ್‌ಗೆ ಹದಿನಾಲ್ಕು ಸಾವಿರ. ಎರಡು ತಿಂಗಳು ಅಲ್ಲೇ ಇದ್ವಿ, ಮಗನ್ನ ಅತ್ತೆ ಹತ್ರ ಬಿಟ್ಟು.

ಮೊದಲ ದಿನ ಅಲ್ಲಿ ಕೇಳಿದ್ದು ಕಾಲಿನ ವಿಷಯ ಅಲ್ಲ, ಮೂತ್ರದ ವಿಷಯ. ಆಗಸ್ಟ್‌ನಲ್ಲಿ ಹಾಕಿದ ಪೈಪು, ಚೀಲ ಹಾಗೇ ಬದಲಾಯಿಸ್ಕೊಂಡು ಬರ್ತಿದ್ವಿ, ಎರಡು ಸಲ ಚಳಿಜ್ವರ ಬಂದು ಅಡ್ಮಿಟ್ ಆಗಿತ್ತು. ಅದನ್ನ ತೆಗೆದು ಸಿಐಸಿ ಕಲಿಸಿದ್ರು, ನಾಲ್ಕರಿಂದ ಆರು ಗಂಟೆಗೊಂದು ಸಲ ಸಣ್ಣ ಪೈಪು ಹಾಕಿ ಮೂತ್ರ ತೆಗೆದು ಪೈಪು ಹೊರಗೆ ತೆಗೆಯೋದು. ಮೊದಲು ನಂಗೆ ಕಲಿಸಿದ್ರು, ಕೈ ನಡುಗಿತು. ಸೋಪ್ ಹಾಕಿ ಕೈ ತೊಳೆಯೋದು, ಜೆಲ್ಲಿ ಸವರೋದು, ತಡೆ ಸಿಕ್ಕಿದ್ರೆ ನೂಕದೆ ಅವ್ರಿಗೆ ಉಸಿರು ಎಳ್ಕೊಳ್ಳೋಕೆ ಹೇಳಿ ಕಾಯೋದು. ನಾಲ್ಕನೇ ದಿನ ಇವ್ರು "ನೀನು ಆ ಕಡೆ ಹೋಗು, ನಾನೇ ಮಾಡ್ಕೊಳ್ತೀನಿ" ಅಂದ್ರು. ಪರದೆ ಆಚೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅಳತೆ ಜಗ್‌ಗೆ ನೀರು ಬೀಳೋ ಸದ್ದು. "350" ಅಂದ್ರು. ಬಿದ್ದ ಮೇಲೆ ಅವ್ರ ದನಿಯಲ್ಲಿ ಆ ಗಟ್ಟಿತನ ಕೇಳಿದ್ದು ಅವತ್ತೇ ಮೊದಲು. ಮಗನ ಗಣಿತದ ನೋಟ್‌ಬುಕ್ ಒಂದು ಬ್ಯಾಗ್‌ನಲ್ಲಿತ್ತು, ಅದ್ರಲ್ಲೇ ಗೆರೆ ಹಾಕಿ ಎಷ್ಟು ಕುಡಿದ್ರು ಎಷ್ಟು ಬಂತು ಬರೆಯೋಕೆ ಶುರು ಮಾಡಿದ್ದು, ಈಗ ನಾಲ್ಕನೇ ಪುಸ್ತಕ ನಡೀತಿದೆ. 400 ಎಂಎಲ್ ದಾಟೋ ಮೊದಲು ತೆಗಿಬೇಕು ಅಂತ ನಮಗೆ ಹೇಳಿದ್ದು, ನಿಮಗೆ ನಿಮ್ಮ ಡಾಕ್ಟ್ರು ಹೇಳಿದ ಲೆಕ್ಕ.

ಈ ಸಿಐಸಿ ಅನ್ನೋದನ್ನ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಅನ್ನೋ ಡಾಕ್ಟ್ರು 1972ರಲ್ಲಿ ಮುಂದಿಟ್ಟಿದ್ದಂತೆ. ಅದಕ್ಕೂ ಮೊದಲು, 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್ಮನ್ ಅನ್ನೋರು ಯುದ್ಧದಲ್ಲಿ ಏಟಾದವ್ರನ್ನ ಎರಡು ಗಂಟೆಗೊಂದು ಸಲ ತಿರುಗಿಸಿ, ಮೂತ್ರಕೋಶ ನೋಡ್ಕೊಂಡು, ಆಟ ಆಡಿಸಿ ಬದುಕಿಸೋಕೆ ಶುರು ಮಾಡಿದ್ರು, ಅಲ್ಲಿ 1948ರಲ್ಲಿ ಶುರುವಾದ ಆಟವೇ ಮುಂದೆ ಪ್ಯಾರಾಲಿಂಪಿಕ್ಸ್ ಆಯ್ತು. ಅದಕ್ಕೆ ಮೊದಲು ಬಹಳ ಜನ ಹುಣ್ಣು ಮತ್ತು ಮೂತ್ರದ ಸೋಂಕಿನಲ್ಲೇ ಹೋಗ್ತಿದ್ರು. ಇದನ್ನ ಅಲ್ಲಿನ ಥೆರಪಿಸ್ಟ್ ಹೇಳುವಾಗ ನಾನು ಅದೇ ಎರಡರಲ್ಲಿ ಇವ್ರನ್ನ ಹೆಚ್ಚುಕಡಿಮೆ ಕಳ್ಕೊಳ್ತಿದ್ದೆ ಅಂತ ಅನ್ಸಿ ಮೈ ಬೆವರಿತು. ಚಿಪ್ ಹುಡುಕ್ತಾ ಕೂತಿದ್ದೆ ನಾನು, 1944ರ ಚಿಕಿತ್ಸೆಯೇ ನಮ್ಮನೆ ತನಕ ಬಂದಿರ್ಲಿಲ್ಲ.

ಮಲವಿಸರ್ಜನೆಗೂ ದಿನಾ ಒಂದೇ ಟೈಮ್ ಅಭ್ಯಾಸ ಮಾಡಿಸಿದ್ರು, ಬೆಳಿಗ್ಗೆ ಬಿಸಿ ಕಾಫಿ ಕುಡಿದ ಮೇಲೆ. ಮಂಚದಿಂದ ವೀಲ್‌ಚೇರ್‌ಗೆ ಹಲಗೆ ಮೇಲೆ ಜಾರಿ ಹೋಗೋದು, ಹದಿನೈದು ನಿಮಿಷಕ್ಕೊಂದು ಸಲ ಕೈ ಊರಿ ಕುಂಡೆ ಎತ್ತೋದು, ಕನ್ನಡಿ ಹಿಡಿದು ತಮ್ಮ ಬೆನ್ನು ತಾವೇ ನೋಡ್ಕೊಳ್ಳೋದು. ಆರನೇ ವಾರ ಬಲಗಾಲಿನ ಮಂಡಿ ಸ್ವಲ್ಪ ನೀಳ ಆಯ್ತು. ಏಶಿಯಾ ಸ್ಕೇಲಿನ ಅಕ್ಷರ ಬಿ ಇದ್ದಿದ್ದು ಸಿ ಆಯ್ತು. ಈಗ ಎರಡೂ ಪಾದಕ್ಕೆ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿ ವಾಕರ್ ಹಿಡ್ಕೊಂಡು ಜಗಲಿಯ ಈ ತುದಿಯಿಂದ ಆ ತುದಿಗೆ ನಡೀತಾರೆ, ಆ ತುದಿಯಲ್ಲಿ ಕೂತ್ಕೊಂಡು ಸುಧಾರಿಸ್ಕೋಬೇಕು. ದೂರಕ್ಕೆ ವೀಲ್‌ಚೇರೇ.

ಅಂಗವಿಕಲರಿಗೆ ಕೊಡೋ ಯುಡಿಐಡಿ ಗುರುತಿನ ಕಾರ್ಡ್‌ಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ, ಆಮೇಲೆ ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆ. ಆಧಾರ್, ಫೋಟೋ, ಡಿಸ್ಚಾರ್ಜ್ ಸಮರಿ, ಎಂಆರ್‌ಐ ರಿಪೋರ್ಟ್ ಎಲ್ಲಾದ್ರ ಮೂರು ಮೂರು ಜೆರಾಕ್ಸ್ ಇಟ್ಕೊಳ್ಳಿ. ನಾವು ಮೂರು ಸಲ ಹೋದ್ವಿ, ಒಂದು ಸಲ ಡಾಕ್ಟ್ರು ರಜೆ, ಒಂದು ಸಲ ಸರ್ವರ್ ಇಲ್ಲ, ಪ್ರತಿ ಸಲ ಕಾರಿಗೆ ಮೂರು ಸಾವಿರ. ಅಂಗವಿಕಲತೆ ಶೇಕಡಾ 40 ಅಥವಾ ಹೆಚ್ಚಿದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೌಲಭ್ಯಕ್ಕೆ ಬರ್ತೀರಿ, ಪಿಂಚಣಿಗೆ ನಾಡಕಚೇರಿಯಲ್ಲಿ ಬೇರೆ ಅರ್ಜಿ ಕೊಡ್ಬೇಕು. ಒಟ್ಟು ನಮ್ಮ ಕೈಯಿಂದ ಹೋಗಿದ್ದು ಮೂರು ಲಕ್ಷ ಎಪ್ಪತ್ತು ಸಾವಿರ, ಆಪರೇಷನ್ ಬಿಟ್ಟು. ಅದ್ರಲ್ಲಿ ಹೆಚ್ಚಿನದು ಓಡಾಟ ಮತ್ತು ಆ ಹುಣ್ಣು.

ಈ ವರ್ಷ ಮೈದುನ ಯಾರನ್ನೂ ಮರ ಹತ್ತಿಸ್ಲಿಲ್ಲ. ಕಾರ್ಬನ್ ಫೈಬರ್ ದೋಟಿ, ಅಂದ್ರೆ ಉದ್ದನೆ ಕೋಲು, ಇಟ್ಕೊಂಡಿರೋರನ್ನ ಕರೆಸಿ ನೆಲದಲ್ಲಿ ನಿಂತೇ ಔಷಧಿ ಹೊಡೆಸಿದ. ನಾಲ್ಕು ಮನೆಯವ್ರು ಸೇರಿ ಸಂಕದ ಜಾಗಕ್ಕೆ ಸಿಮೆಂಟ್ ಸ್ಲ್ಯಾಬ್ ಹಾಕಿದ್ವಿ, ವೀಲ್‌ಚೇರ್ ಅಗಲ ಅಳೆದು ನಾಲ್ಕಡಿ. ಇವ್ರು ಅದ್ರ ಮೇಲೆ ತಾವೇ ಚಕ್ರ ತಿರುಗಿಸ್ಕೊಂಡು ಹೋಗಿ ತೋಟದ ಬಾಯಲ್ಲಿ ನಿಂತು, ಯಾವ ಮರ ಬಿಟ್ಟು ಹೋಗಿದೆ ಅಂತ ಕೂಗಿ ಹೇಳ್ತಿದ್ರು. ಮುಂದಿನ ತಿಂಗಳು ಕಿಡ್ನಿ ಸ್ಕ್ಯಾನ್‌ಗೆ ಬೆಂಗಳೂರಿಗೆ ಹೋಗ್ಬೇಕು, ವರ್ಷಕ್ಕೊಂದು ಸಲ ತಪ್ಪಿಸ್ಬಾರ್ದು ಅಂದಿದಾರೆ. ಈ ಸಲ ಆಂಬುಲೆನ್ಸ್ ಬೇಡ, ಜನಶತಾಬ್ದಿಯಲ್ಲಿ ಕೂತೇ ಹೋಗ್ತೀನಿ ಅಂತಿದಾರೆ.